ಹಳೇ ಪಿಕಪ್‌ನ ಮುಂದಿನ ಗಾಜು ಸೋರುತ್ತಿದೆಯಾ? ಸಿಲಿಕಾನ್ ಟ್ಯೂಬ್ ಕೈಗೆತ್ತಿಕೊಳ್ಳುವ ಮೊದಲು ಇದನ್ನು ಓದಿ

ಮೇ ತಿಂಗಳು ಬಂತೆಂದರೆ ಈ ಪ್ರಶ್ನೆ ಶುರುವಾಗುತ್ತದೆ. ನವಿ ಮುಂಬೈಯ ವಾಶಿ ಮಾರ್ಕೆಟ್ಟಿಗೆ ತರಕಾರಿ ಹೊಡೆಯುವ ವಿಜಯಪುರ, ಕಲಬುರಗಿ ಕಡೆಯವರು ಕೇಳುತ್ತಾರೆ. ಥಾಣೆ, ಡೊಂಬಿವಲಿಯಲ್ಲಿ ಕೇಟರಿಂಗ್ ನಡೆಸುವ ಕರಾವಳಿಯವರೂ ಕೇಳುತ್ತಾರೆ. "ಗಾಡಿ ಹಳೇದು, ಮುಂದಿನ ಗಾಜಿನ ಹತ್ರ ನೀರು ಒಳಗೆ ಬರ್ತದೆ. ಸಿಲಿಕಾನ್ ಹಚ್ಚಿದ್ರೆ ಸಾಕಾ, ಇಲ್ಲ ಗಾಜೇ ಬದಲಿಸ್ಬೇಕಾ?"

ಹೆಚ್ಚಿನ ಸಲ ಎರಡೂ ಬೇಡ. ಗಾಜು ತಾನಾಗಿ ಸೋರುವುದಿಲ್ಲ. ಸೋರುವುದು ಅದರ ಸುತ್ತಲಿನ ರಬ್ಬರು, ಅಥವಾ ಆ ರಬ್ಬರು ಕಚ್ಚಿಕೊಂಡಿರುವ ತಗಡಿನ ಅಂಚು. ಮುಂಬೈ ಗಾಳಿಯಲ್ಲಿ ಉಪ್ಪಿದೆ, ತಗಡಿಗೆ ತುಕ್ಕು ಬೇಗ ಹಿಡಿಯುತ್ತದೆ. ಮೇಲಿಂದ ಸಿಲಿಕಾನ್ ಬಳಿದರೆ ನೀರು ಒಳಗೇ ಸಿಕ್ಕಿಹಾಕಿಕೊಂಡು ತುಕ್ಕು ಇನ್ನೂ ಜೋರಾಗುತ್ತದೆ. ಆಗ ಒಂದು ರಬ್ಬರ್ ಬೀಡಿಂಗ್‌ನಲ್ಲಿ ಮುಗಿಯುವ ಕೆಲಸ ವೆಲ್ಡಿಂಗ್ ತನಕ ಹೋಗುತ್ತದೆ.

ಮುಂಬೈಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11. ಈ ಕೆಲಸ ಏಪ್ರಿಲ್‌ನಲ್ಲೋ ಮೇ ಮೊದಲ ಭಾಗದಲ್ಲೋ ಮುಗಿದರೆ ಒಳ್ಳೆಯದು. ಬಿಸಿಲಿದ್ದರೆ ರಬ್ಬರು ಮೆತ್ತಗಿರುತ್ತದೆ, ಬಣ್ಣವೂ ಒಣಗುತ್ತದೆ.

ಮೊದಲು ನಿಮ್ಮ ಗಾಡಿ ಯಾವ ಬಗೆಯದು ನೋಡಿ

ಮುಂದಿನ ಗಾಜನ್ನು ಕೂರಿಸುವ ರೀತಿ ಎರಡು. ಹಳೇ ಪಿಕಪ್‌ಗಳಲ್ಲಿ ಜಾಸ್ತಿ ಕಾಣುವುದು ರಬ್ಬರ್ ಬೀಡಿಂಗ್. ಅಂದರೆ ಗಾಜಿನ ಸುತ್ತ ದಪ್ಪ ರಬ್ಬರ್ ಪಟ್ಟಿ. ಅದರ ಒಂದು ಕಡೆಯ ಸಂದಿನಲ್ಲಿ ಗಾಜು, ಇನ್ನೊಂದು ಕಡೆಯ ಸಂದಿನಲ್ಲಿ ಕ್ಯಾಬಿನ್ನಿನ ತಗಡು. ಸೀಟಿನಲ್ಲಿ ಕೂತು ನೋಡಿದರೆ ರಬ್ಬರಿನ ತುಟಿ ತಗಡಿನ ಮೇಲೆ ಮಡಚಿಕೊಂಡಿರುವುದು ಕಾಣುತ್ತದೆ. ಹೊರಗಡೆ ರಬ್ಬರಿನ ನಡುವೆ ಇನ್ನೊಂದು ತೆಳು ಪಟ್ಟಿ ಇರಬಹುದು. ಅದು ಲಾಕಿಂಗ್ ಸ್ಟ್ರಿಪ್. ರಬ್ಬರನ್ನು ಹಿಗ್ಗಿಸಿ ಗಾಜನ್ನು ಬಿಗಿ ಹಿಡಿಯುವುದು ಇದೇ.

ಎರಡನೆಯದು ಅಂಟಿಸಿದ ಗಾಜು. ಅಂಚಿನಲ್ಲಿ ಅಗಲವಾದ ಕಪ್ಪು ಪಟ್ಟಿ, ಅದರ ಪಕ್ಕ ಸಣ್ಣ ಸಣ್ಣ ಚುಕ್ಕೆ ಇರುತ್ತವೆ. ಒಳಗಡೆ ಮಡಚಿದ ರಬ್ಬರು ಇರುವುದಿಲ್ಲ. ಗಾಜನ್ನು ಪಿಯು ಎಂಬ ಕಪ್ಪು ಅಂಟಿನಿಂದ ನೇರವಾಗಿ ತಗಡಿಗೆ ಅಂಟಿಸಿರುತ್ತಾರೆ. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಅದರ ಬಗ್ಗೆ ಕೊನೆಗೆ ಸ್ವಲ್ಪ ಹೇಳುತ್ತೇನೆ. ಕೆಳಗಿರುವುದೆಲ್ಲ ಬೀಡಿಂಗ್ ಗಾಡಿಗೆ.

1. ನೀರು ಎಲ್ಲಿಂದ ಬರುತ್ತಿದೆ ಪತ್ತೆ ಹಚ್ಚಿ

ಎಲ್ಲರೂ ಬಿಟ್ಟುಬಿಡುವ ಕೆಲಸ ಇದು. ನೀರು ತೊಟ್ಟಿಕ್ಕುವ ಜಾಗ ಬೇರೆ, ಒಳಗೆ ನುಗ್ಗುವ ಜಾಗ ಬೇರೆ. ಮೇಲಿನ ಮೂಲೆಯಲ್ಲಿ ನುಗ್ಗಿದ ನೀರು ಪಿಲ್ಲರ್, ಅಂದರೆ ಗಾಜಿನ ಪಕ್ಕದ ಕಂಬದೊಳಗೆ ಇಳಿದು ಡ್ಯಾಶ್‌ಬೋರ್ಡಿನ ಕೆಳಗೆಲ್ಲೋ ಹೊರಬರುತ್ತದೆ. ನೀವು ಕೆಳಗಿನ ಮೂಲೆಗೆ ಅಂಟು ಮೆತ್ತುತ್ತಾ ಕೂರುತ್ತೀರಿ.

ಒಳಗೆ ಡ್ಯಾಶ್‌ಬೋರ್ಡನ್ನು ಬಟ್ಟೆಯಿಂದ ಪೂರ್ತಿ ಒರೆಸಿ ಒಣಗಿಸಿ. ಗಾಜಿನ ಬುಡದ ಉದ್ದಕ್ಕೂ, ಎರಡೂ ಪಿಲ್ಲರ್‌ಗಳ ಕೆಳಗೂ ಮುಖಕ್ಕೆ ಹಚ್ಚುವ ಪೌಡರ್ ತೆಳುವಾಗಿ ಉದುರಿಸಿ. ಒಂದೇ ಹನಿ ಬಿದ್ದರೂ ಪೌಡರಿನಲ್ಲಿ ದಾರಿ ಮೂಡುತ್ತದೆ. ಪಿಲ್ಲರಿನ ಪ್ಲಾಸ್ಟಿಕ್ ಕವರ್ ಇದ್ದರೆ ಬಿಚ್ಚಿಡಿ.

ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ. ಇನ್ನೊಬ್ಬರು ಹೊರಗಿಂದ ಪೈಪಿನಲ್ಲಿ ನೀರು ಬಿಡಲಿ. ನೀರು ಸಣ್ಣಗೆ ಹರಿಯಬೇಕು, ರಭಸ ಬೇಡ. ವಾಷಿಂಗ್ ಸೆಂಟರಿನ ಪ್ರೆಶರ್ ಗನ್ ಹಿಡಿದರೆ ಸರಿಯಾಗಿರುವ ರಬ್ಬರೂ ಸೋರುತ್ತದೆ. ಕೆಳಗಿನಿಂದ ಶುರು ಮಾಡಿ. ಮೊದಲು ವೈಪರ್ ಕೆಳಗಿನ ಜಾಲರಿ, ಆಮೇಲೆ ಗಾಜಿನ ಕೆಳ ಅಂಚು, ಪಕ್ಕದ ಅಂಚುಗಳು, ಮೇಲಿನ ಅಂಚು, ಕಡೆಗೆ ಚಾವಣಿ. ಒಂದೊಂದು ಕಡೆ ಐದಾರು ನಿಮಿಷ ತಡೆಯಿರಿ. ಮೇಲಿಂದ ಶುರು ಮಾಡಿದರೆ ನೀರು ಎಲ್ಲದರ ಮೇಲೂ ಹರಿದು ಯಾವುದು ಕಳ್ಳ ಅಂತ ಗೊತ್ತೇ ಆಗುವುದಿಲ್ಲ.

ಜಾಲರಿಗೆ ನೀರು ಬಿಟ್ಟಾಗಲೇ ಒಳಗೆ ಬಂದರೆ ಗಾಜಿನ ತಪ್ಪಲ್ಲ. ವೈಪರ್ ಕೆಳಗಿನ ಆ ಜಾಗಕ್ಕೆ ಕೌಲ್ ಅನ್ನುತ್ತಾರೆ. ಬ್ಲೋವರಿಗೆ ಗಾಳಿ ಹೋಗುವುದು ಅಲ್ಲಿಂದ. ಮೇ ತಿಂಗಳಲ್ಲಿ ಗುಲ್‌ಮೊಹರ್ ಮರದಡಿ ಗಾಡಿ ನಿಲ್ಲಿಸಿದರೆ ಎಸಳು, ಎಲೆ ಎಲ್ಲ ಸೇರಿ ನೀರು ಹೋಗುವ ತೂತು ಕಟ್ಟಿಕೊಳ್ಳುತ್ತದೆ. ಕೌಲ್ ತುಂಬಿ ನೀರು ಕ್ಲೀನರ್ ಕೂರುವ ಕಡೆ ಕಾಲಡಿಗೆ ಇಳಿಯುತ್ತದೆ. ಕಸ ತೆಗೆದರೆ ಮುಗಿಯಿತು. ವೈಪರಿನ ದಂಡ ಹೊರಬರುವ ಕಡೆ ಇರುವ ರಬ್ಬರ್ ವಾಷರ್, ಬಾಗಿಲಿನ ರಬ್ಬರು, ಚಾವಣಿಯ ಜೋಡಣೆ, ಏರಿಯಲ್ ಬುಡ, ಮೇಲೆ ಲೈಟು ಕೂರಿಸಲು ಯಾರೋ ಕೊರೆದ ತೂತು, ಇವೆಲ್ಲ ಗಾಜಿನ ಹೆಸರು ಕೆಡಿಸುವ ಜಾಗಗಳು.

ನೀರಿಗೆ ಸಿಗದ ಸಣ್ಣ ಸೋರಿಕೆಗೆ ಇನ್ನೊಂದು ದಾರಿ ಇದೆ. ಕಿಟಕಿಗಳನ್ನೆಲ್ಲ ಏರಿಸಿ, ಬ್ಲೋವರನ್ನು ಹೊರಗಿನ ಗಾಳಿ ಎಳೆಯುವಂತೆ ಇಟ್ಟು ಪೂರ್ತಿ ಜೋರು ಮಾಡಿ. ಹೊರಗಡೆ ರಬ್ಬರಿನ ಮೇಲೆ ಪಾತ್ರೆ ತೊಳೆಯುವ ಸೋಪಿನ ನೀರನ್ನು ಬ್ರಷ್‌ನಿಂದ ಹಚ್ಚಿ. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿ ಸಂದು ಇದೆ.

ಎಚ್ಚರಿಕೆ: ಫ್ಯೂಸ್ ಬಾಕ್ಸ್ ಮೇಲೆ ನೀರು ಬೀಳುತ್ತಿದೆ ಅಂತ ಗೊತ್ತಾದರೆ ನೀರು ನಿಲ್ಲಿಸಿ, ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ. ಒಣಗುವ ತನಕ ಮತ್ತೆ ಜೋಡಿಸಬೇಡಿ.

2. ರಬ್ಬರಿಗೆ ಜೀವ ಇದೆಯಾ ನೋಡಿ

ಹೆಬ್ಬೆರಳಿನ ಉಗುರಿನಿಂದ ಒತ್ತಿ. ಗುರುತು ತಕ್ಷಣ ಮಾಯವಾದರೆ ರಬ್ಬರು ಚೆನ್ನಾಗಿದೆ. ಕಲ್ಲಿನಂತಿದ್ದರೆ, ಮೂಲೆಗಳಲ್ಲಿ ಸೀಳು ಇದ್ದರೆ, ಜೋಡಣೆಯ ಕಡೆ ಕುಗ್ಗಿ ಬಾಯಿ ಬಿಟ್ಟಿದ್ದರೆ ಅದರ ಕಾಲ ಮುಗಿದಿದೆ. ಆಮೇಲೆ ಕೆಳಗಿನ ಎರಡು ಮೂಲೆಗಳಲ್ಲಿ ರಬ್ಬರಿನ ತುಟಿಯನ್ನು ಪ್ಲಾಸ್ಟಿಕ್ ಚಮಚದ ಹಿಡಿಯಿಂದ ಮೆಲ್ಲಗೆ ಎತ್ತಿ ಇಣುಕಿ. ಕಂದು ನೀರು, ಉಬ್ಬಿದ ಬಣ್ಣ ಕಂಡರೆ ಗಾಜು ಬಿಚ್ಚಲೇಬೇಕು. ರಬ್ಬರು ಮೆತ್ತಗಿದ್ದು ತಗಡು ಶುದ್ಧವಾಗಿದ್ದರೆ ಮಾತ್ರ ಮುಂದಿನ ಹಂತದಲ್ಲಿ ಕೆಲಸ ಮುಗಿಯುತ್ತದೆ.

3. ಬಿಚ್ಚದೆ ಮಾಡುವ ರಿಪೇರಿ

ಇದಕ್ಕೆ ಬೇಕಾದ್ದು ಗಟ್ಟಿಯಾಗದ ವಿಂಡ್‌ಶೀಲ್ಡ್ ಸೀಲರ್. ಬ್ಯುಟೈಲ್ ಜಾತಿಯ ಕಪ್ಪು ಅಂಟು, ವರ್ಷಗಟ್ಟಲೆ ಮೆತ್ತಗೇ ಉಳಿಯುತ್ತದೆ. ಗಾಡಿ ಗುಂಡಿಯಲ್ಲಿ ಇಳಿದು ಹತ್ತುವಾಗ ಕ್ಯಾಬಿನ್ ಸ್ವಲ್ಪ ತಿರುಚುತ್ತದೆ, ರಬ್ಬರು ಅಲುಗುತ್ತದೆ. ಅಂಟೂ ಅದರ ಜೊತೆ ಅಲುಗಬೇಕು. ಗಟ್ಟಿಯಾಗುವ ಅಂಟು ಅಲ್ಲೇ ಬಿರುಕು ಬಿಡುತ್ತದೆ.

ಹಾರ್ಡ್‌ವೇರ್ ಅಂಗಡಿಯ ಬಾತ್‌ರೂಮ್ ಸಿಲಿಕಾನ್ ಬೇಡ. ಅದರಲ್ಲಿ ವಿನೆಗರ್ ವಾಸನೆ ಬರುವ ಬಗೆ ಇದೆಯಲ್ಲ, ಅದು ಒಣಗುವಾಗ ಆಸಿಡ್ ಬಿಡುತ್ತದೆ, ಬರಿ ತಗಡನ್ನು ತಿನ್ನುತ್ತದೆ. ಇನ್ನೊಂದು ತೊಂದರೆ, ಒಮ್ಮೆ ಸಿಲಿಕಾನ್ ಹತ್ತಿದ ಜಾಗದಲ್ಲಿ ಆಮೇಲೆ ಬಣ್ಣವಾಗಲಿ ಬೇರೆ ಅಂಟಾಗಲಿ ನಿಲ್ಲುವುದಿಲ್ಲ. ಎಂ-ಸೀಲ್ ಕೂಡ ಬೇಡ, ಕಲ್ಲಾಗುತ್ತದೆ. ಹಳೇ ಸಿಲಿಕಾನ್ ಇದ್ದರೆ ಪ್ಲಾಸ್ಟಿಕ್ ಪಟ್ಟಿಯಿಂದ ಪೂರ್ತಿ ಕೆರೆದು ತೆಗೆಯಿರಿ.

ಸಂದಿನೊಳಗಿನ ಮಣ್ಣು ತೆಗೆದು, ಗಾಡಿಯನ್ನು ಒಂದು ಹಗಲು ಬಿಸಿಲಿಗೆ ಬಿಡಿ. ಗಾಜಿನ ಮೇಲೂ ತಗಡಿನ ಮೇಲೂ ಮಾಸ್ಕಿಂಗ್ ಟೇಪ್ ಅಂಟಿಸಿ. ರಬ್ಬರಿನ ಹೊರತುಟಿ ಎತ್ತಿ ಟ್ಯೂಬಿನ ಮೂತಿಯನ್ನು ಒಳಗೆ ತೂರಿಸಿ ಅಂಟು ತುಂಬಿ. ಮೇಲೆ ಬಳಿದರೆ ಪ್ರಯೋಜನವಿಲ್ಲ, ಒಳಗೆ ಹೋಗಬೇಕು. ಮೊದಲು ಗಾಜು ಮತ್ತು ರಬ್ಬರಿನ ನಡುವೆ, ಆಮೇಲೆ ರಬ್ಬರು ಮತ್ತು ತಗಡಿನ ನಡುವೆ. ಸೋರುವ ಜಾಗದ ಎರಡೂ ಕಡೆ ಒಂದೊಂದು ಗೇಣು ಜಾಸ್ತಿ ಹಾಕಿ. ಹೊರಬಂದದ್ದನ್ನು ಟರ್ಪಂಟೈನ್ ತಾಗಿಸಿದ ಬಟ್ಟೆಯಿಂದ ಒರೆಸಿ.

4. ಗಾಜು ಬಿಚ್ಚುವುದು

ಮೂರು ಜನ ಬೇಕು. ಗಾಜು ಹತ್ತು ಕೆಜಿಯ ಆಸುಪಾಸು ಇರುತ್ತದೆ, ಭಾರಕ್ಕಿಂತ ಹಿಡಿತ ಕಷ್ಟ. ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ ಇಲ್ಲದೆ ಕೈ ಹಾಕಬೇಡಿ.

ವೈಪರ್ ತೋಳುಗಳನ್ನು ಬಿಚ್ಚುವ ಮೊದಲು ಅವು ನಿಂತ ಜಾಗದ ಫೋಟೋ ತೆಗೆದಿಡಿ. ಲಾಕಿಂಗ್ ಸ್ಟ್ರಿಪ್ ಇದ್ದರೆ ಅದರ ತುದಿ ಎಬ್ಬಿಸಿ ಎಳೆದು ತೆಗೆಯಿರಿ. ಆಮೇಲೆ ಹರಿತವಾದ ಕಟರಿನಿಂದ ಹೊರಗಿನ ರಬ್ಬರ್ ತುಟಿಯನ್ನು ಸುತ್ತಲೂ ಕತ್ತರಿಸಿಬಿಡಿ. ಗಾಜು ಸೀದಾ ಹೊರಗೆ ಬರುತ್ತದೆ. ಕೆಲವರು ರಬ್ಬರು ಉಳಿಸುವ ಆಸೆಗೆ ಒಳಗೆ ಮಲಗಿ ಕಾಲಿನಿಂದ ಗಾಜನ್ನು ಒದ್ದು ದೂಡುತ್ತಾರೆ. ಹಾಗೆ ಮಾಡಿದ ಗಾಜಿಗೆ ಅಂಚಿನಿಂದಲೇ ಬಿರುಕು ಹೊರಡುತ್ತದೆ. ಗಾಜು ಬಿಚ್ಚಿದ ಮೇಲೆ ರಬ್ಬರು ಹೊಸದೇ ಹಾಕಬೇಕು, ಅದರಲ್ಲಿ ಜಿಪುಣತನ ಬೇಡ.

ಬಿಚ್ಚಿದ ಗಾಜನ್ನು ಸಿಮೆಂಟ್ ನೆಲದ ಮೇಲೆ ಇಡಬೇಡಿ. ಗೋಣಿಚೀಲ ಅಥವಾ ರಟ್ಟಿನ ಮೇಲೆ ಉದ್ದದ ಅಂಚು ಕೆಳಗೆ ಬರುವಂತೆ ಗೋಡೆಗೆ ಒರಗಿಸಿ. ಮೂಲೆಯ ಮೇಲೆ ಭಾರ ಬೀಳಬಾರದು.

5. ತುಕ್ಕು: ನಿಜವಾದ ಕೆಲಸ ಇಲ್ಲಿದೆ

ರಬ್ಬರು ಕಚ್ಚುವ ತಗಡಿನ ಅಂಚಿಗೆ ಫ್ಲ್ಯಾಂಜ್ ಅನ್ನುತ್ತಾರೆ. ಹಳೇ ಗಾಡಿಯಲ್ಲಿ ಕೆಳಗಿನ ಎರಡು ಮೂಲೆ ನೋಡಿದರೆ ಸಾಕು, ಇಡೀ ಕಥೆ ತಿಳಿಯುತ್ತದೆ. ಬಣ್ಣ ಉಬ್ಬಿರುತ್ತದೆ. ಸ್ಕ್ರೂಡ್ರೈವರ್ ತುದಿ ತಾಗಿಸಿದರೆ ತುಕ್ಕು ಹಪ್ಪಳದ ಹಾಗೆ ಪದರ ಪದರವಾಗಿ ಏಳುತ್ತದೆ, ಅದರ ಹಿಂದೆ ಒದ್ದೆ ಕಂದು ಪುಡಿ. ಒಂದೊಂದು ಸಲ ತುದಿ ಸೀದಾ ಆಚೆ ಹೋಗುತ್ತದೆ. ಎಷ್ಟು ಒಳ್ಳೆಯ ರಬ್ಬರು ತಂದರೂ ಹಿಡಿದುಕೊಳ್ಳಲು ಅಲ್ಲಿ ತಗಡೇ ಇಲ್ಲವಲ್ಲ!

ಮೇಲ್ಮೈ ತುಕ್ಕು ಮಾತ್ರ ಇದ್ದರೆ ವೈರ್ ಬ್ರಷ್ಷಿನಿಂದ ಉಜ್ಜಿ, 80 ನಂಬರ್ ಪಾಲಿಷ್ ಪೇಪರ್‌ನಿಂದ ತಗಡು ಹೊಳೆಯುವ ತನಕ ತಿಕ್ಕಿ. ಕುಳಿಗಳಲ್ಲಿ ಉಳಿದ ಕಪ್ಪು ಚುಕ್ಕೆಗೆ ರಸ್ಟ್ ಕನ್ವರ್ಟರ್ ಹಚ್ಚಿ. ತುಕ್ಕನ್ನು ಗಟ್ಟಿ ಪದರವಾಗಿ ಮಾರ್ಪಡಿಸುವ ದ್ರವ ಅದು. ಡಬ್ಬಿಯ ಮೇಲೆ ಬರೆದ ಸಮಯ ಬಿಟ್ಟು, ಇಪಾಕ್ಸಿ ಪ್ರೈಮರ್ ಹೊಡೆದು, ಮೇಲೆ ಎರಡು ಕೋಟ್ ಬಣ್ಣ ಕೊಡಿ. ಮುಂಬೈಯ ತೇವದಲ್ಲಿ ಬಣ್ಣ ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಒಂದು ರಾತ್ರಿಯಾದರೂ ಬಿಡಿ. ಮೋಡ ಇದ್ದರೆ ಇನ್ನೊಂದು ದಿನ ಬಿಟ್ಟರೆ ಒಳ್ಳೆಯದು.

ತೂತು ಇದ್ದರೆ ಆ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಲೇಬೇಕು. ಡೆಂಟಿಂಗ್ ಅಂಗಡಿಯವರು "ಲಾಂಬಿ ತುಂಬಿ ಕೊಡ್ತೀನಿ, ಗೊತ್ತೇ ಆಗಲ್ಲ" ಅನ್ನಬಹುದು. ಲಾಂಬಿ ಅಂದರೆ ಬಾಡಿಗೆ ಬಳಿಯುವ ಪುಟ್ಟಿ. ಅದು ತೇವ ಹೀರುತ್ತದೆ, ಕ್ಯಾಬಿನ್ ತಿರುಚಿದಾಗ ಒಡೆಯುತ್ತದೆ. ಫ್ಲ್ಯಾಂಜ್ ಮೇಲೆ ಲಾಂಬಿ ಬೇಡ ಅಂತ ಮೊದಲೇ ಖಡಕ್ಕಾಗಿ ಹೇಳಿ. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ಬಿಚ್ಚಿಸಿ, ಡ್ಯಾಶ್‌ಬೋರ್ಡಿಗೂ ಬಾಗಿಲ ಗಾಜಿಗೂ ಒದ್ದೆ ಗೋಣಿ ಹೊದಿಸಿ. ಗ್ರೈಂಡರಿನ ಕಿಡಿ ಗಾಜಿಗೆ ತಾಗಿದರೆ ಚುಕ್ಕೆ ಚುಕ್ಕೆ ಕಲೆ ಕೂರುತ್ತದೆ, ಏನು ಮಾಡಿದರೂ ಹೋಗುವುದಿಲ್ಲ.

ವೆಲ್ಡ್ ಆದ ಮೇಲೆ ಅಂಚಿನ ದಪ್ಪ ಮೊದಲಿದ್ದಷ್ಟೇ ಇರಬೇಕು. ಬೆರಳಾಡಿಸಿ ಸುತ್ತಲೂ ನೋಡಿ. ಉಬ್ಬು, ತಗ್ಗು, ಹಳೇ ಆಕ್ಸಿಡೆಂಟಿನಲ್ಲಿ ಬಾಗಿದ ಜಾಗ ಇದ್ದರೆ ಸಮ ಮಾಡಿಸಿ. "ಹೊಸ ಗಾಜು ಹಾಕಿಸಿದ ವಾರಕ್ಕೇ ತಾನಾಗಿ ಬಿರುಕು ಬಿಟ್ಟಿತು" ಅಂತ ಹೇಳುವವರ ಗಾಡಿಯಲ್ಲಿ ಬಹಳ ಸಲ ಇಂಥ ಒಂದು ಉಬ್ಬು ಗಾಜನ್ನು ಒಂದೇ ಕಡೆ ಒತ್ತುತ್ತಿರುತ್ತದೆ.

6. ಹಗ್ಗ ಹಾಕಿ ಗಾಜು ಕೂರಿಸುವುದು

ಬೇಕಾದ್ದು: ನಿಮ್ಮ ಮಾಡೆಲ್ಲಿಗೇ ಅಚ್ಚು ಹಾಕಿದ ರಬ್ಬರು, ನುಣುಪಾದ ನೈಲಾನ್ ದೋರಿ (ಸುಮಾರು 5 ಮಿಮೀ ದಪ್ಪ, ಗಾಜಿನ ಸುತ್ತಳತೆಗಿಂತ ಒಂದು ಮೀಟರ್ ಜಾಸ್ತಿ), ಸೋಪಿನ ನೀರು, ಟೇಪು. ನಾರಿನ ಹಗ್ಗ ಬೇಡ, ರಬ್ಬರನ್ನು ಸೀಳುತ್ತದೆ. ಜಾರಲಿ ಅಂತ ಗ್ರೀಸ್, ಡೀಸೆಲ್ ಹಚ್ಚುವವರಿದ್ದಾರೆ. ಅದರಿಂದ ರಬ್ಬರು ಊದಿಕೊಂಡು ಬೇಗ ಹಾಳಾಗುತ್ತದೆ.

ಮೊದಲು ರಬ್ಬರನ್ನು ಅರ್ಧ ಗಂಟೆ ಬಿಸಿಲಿಗಿಡಿ. ಗಾಜಿನ ಸುತ್ತ ತೊಡಿಸಿ, ಮೂಲೆಗಳು ಸರಿಯಾಗಿ ಕೂತಿವೆಯಾ ನೋಡಿ. ಮೀಟರ್ ಲೆಕ್ಕದಲ್ಲಿ ಸಿಗುವ ಬೀಡಿಂಗ್ ಹಾಕುವುದಾದರೆ ಒಂದು ಸೆಂಟಿಮೀಟರ್ ಉದ್ದವೇ ಕತ್ತರಿಸಿ, ತುದಿಗಳು ಒಂದನ್ನೊಂದು ಒತ್ತಿಕೊಂಡಿರಲಿ. ಜೋಡಣೆ ಮೂಲೆಯಲ್ಲಿ ಬರಬಾರದು.

ಈಗ ತಗಡಿಗಿರುವ ಸಂದಿನಲ್ಲಿ ದೋರಿಯನ್ನು ಸುತ್ತಲೂ ಕೂರಿಸಿ. ಕೆಳ ಅಂಚಿನ ನಡುವೆ ಶುರು ಮಾಡಿ ಅಲ್ಲೇ ಮುಗಿಸಿ. ಎರಡು ತುದಿ ಒಂದು ಗೇಣು ಒಂದರ ಮೇಲೊಂದು ಹಾಯ್ದು ಸಂದಿನಿಂದ ಹೊರಗೆ ಇಳಿಬಿದ್ದಿರಲಿ. ಆ ತುದಿಗಳನ್ನು ಗಾಜಿನ ಒಳಮೈಗೆ ಟೇಪಿನಿಂದ ಅಂಟಿಸಿ. ಫ್ಲ್ಯಾಂಜ್ ಮೇಲೂ ರಬ್ಬರಿನ ಸಂದಿಗೂ ಸೋಪಿನ ನೀರು ಧಾರಾಳವಾಗಿ ಹಚ್ಚಿ.

ಇಬ್ಬರು ಹೊರಗಿಂದ ಗಾಜನ್ನು ಎತ್ತಿ ಕೆಳ ಅಂಚು ಮೊದಲು ತಾಗುವಂತೆ ನಡುಮಧ್ಯಕ್ಕೆ ಇಡಿ. ಎಡ ಬಲ ಎರಡೂ ಕಡೆ ಸಂದು ಒಂದೇ ಸಮ ಇರಲಿ. ಒಳಗೆ ಕೂತವರು ದೋರಿಯ ಒಂದು ತುದಿಯನ್ನು ಗಾಜಿನ ನಡುಭಾಗದ ಕಡೆಗೆ ನಿಧಾನವಾಗಿ ಎಳೆಯಬೇಕು. ಎಳೆದಂತೆ ರಬ್ಬರಿನ ತುಟಿ ತಗಡಿನ ಮೇಲೆ ಹತ್ತಿ ಒಳಗೆ ಮಡಚಿಕೊಳ್ಳುತ್ತದೆ. ಹೊರಗಿನವರು ಆ ಜಾಗಕ್ಕೆ ಸರಿಯಾಗಿ ಅಂಗೈಯಿಂದ ಒತ್ತುತ್ತಾ ಬರಬೇಕು. ಇಬ್ಬರೂ ಮಾತಾಡಿಕೊಂಡೇ ಮಾಡಿ, "ಬಲಗಡೆ ಮೂಲೆ, ಒತ್ತು" ಅಂತ ಕೂಗದಿದ್ದರೆ ಹೊರಗಿನವರಿಗೆ ತಿಳಿಯುವುದಿಲ್ಲ. ಮೊದಲು ಕೆಳ ಅಂಚು, ಆಮೇಲೆ ಎರಡೂ ಪಕ್ಕ, ಕೊನೆಗೆ ಮೇಲ್ಭಾಗ. ಮೂಲೆಗಳಲ್ಲಿ ಆತುರ ಬೇಡ, ರಬ್ಬರು ಹರಿಯುವುದು ಅಲ್ಲೇ.

ಎಲ್ಲೋ ಸಿಕ್ಕಿಕೊಂಡರೆ ಜೋರಾಗಿ ಜಗ್ಗಬೇಡಿ. ಇನ್ನಷ್ಟು ಸೋಪಿನ ನೀರು ಹಾಕಿ, ಹೊರಗಿಂದ ಒತ್ತಿ, ಮತ್ತೆ ಎಳೆಯಿರಿ. ಸ್ಕ್ರೂಡ್ರೈವರಿನಿಂದ ತುಟಿ ಎಬ್ಬಿಸಲು ಹೋದರೆ ಗಾಜಿನ ಅಂಚು ಚಕ್ಕೆ ಏಳುತ್ತದೆ. ಗಾಜಿಗೆ ಸುತ್ತಿಗೆಯಂತೂ ಬೇಡವೇ ಬೇಡ, ರಬ್ಬರ್ ಸುತ್ತಿಗೆ ಕೂಡ.

7. ಲಾಕಿಂಗ್ ಸ್ಟ್ರಿಪ್, ಸೀಲರ್, ಪರೀಕ್ಷೆ

ಲಾಕಿಂಗ್ ಸ್ಟ್ರಿಪ್ ಕೂರಿಸಲು ತುದಿಯಲ್ಲಿ ಉಂಗುರ ಇರುವ ಒಂದು ಸಣ್ಣ ಸಾಧನ ಬರುತ್ತದೆ. ಸಂದನ್ನು ಅಗಲಿಸುತ್ತಾ ಸ್ಟ್ರಿಪ್ಪನ್ನು ಒಳಗೆ ತಳ್ಳುತ್ತದೆ. ಸ್ಟ್ರಿಪ್ಪನ್ನು ಹಿಗ್ಗಿಸಿ ಎಳೆಯಬೇಡಿ. ಎಳೆದು ಕೂರಿಸಿದ್ದು ಆಮೇಲೆ ಕುಗ್ಗಿ ತುದಿಯಲ್ಲಿ ಸಂದು ಬಿಡುತ್ತದೆ. ಸೋಪಿನ ನೀರು ಪೂರ್ತಿ ಒಣಗಿದ ಮೇಲೆ, 3ನೇ ಹಂತದಲ್ಲಿ ಹೇಳಿದಂತೆ ಸುತ್ತಲೂ ಸೀಲರ್ ತುಂಬಿ. ರಬ್ಬರ್ ಬೀಡಿಂಗ್‌ಗೆ ಪಿಯು ಅಂಟು ಹಾಕಿಸಬೇಡಿ. ಮುಂದೊಮ್ಮೆ ಬಿಚ್ಚಬೇಕಾದರೆ ಗಾಜು ಒಡೆದೇ ಹೊರಗೆ ಬರುತ್ತದೆ.

ಮತ್ತೆ ಪೌಡರ್, ಮತ್ತೆ ಪೈಪು. ಸೋರದಿದ್ದರೆ ಒಂದು ದಿನ ಮಾಮೂಲಿ ಓಡಿಸಿ, ಹಂಪು ಗುಂಡಿ ಎಲ್ಲ ಹತ್ತಿಳಿಯಲಿ. ಆಮೇಲೆ ಇನ್ನೊಮ್ಮೆ ನೀರು ಬಿಡಿ. ಎರಡನೇ ಪರೀಕ್ಷೆಯಲ್ಲಿ ಪಾಸಾದರೆ ಮಳೆಗೆ ಹೆದರಬೇಕಿಲ್ಲ.

ಗಾಜೇ ಬದಲಿಸಬೇಕಾದರೆ

ಅಂಚಿನಿಂದ ಹೊರಟ ಬಿರುಕು, ಡ್ರೈವರ್ ಕಣ್ಣೆದುರಿನ ಬಿರುಕು, ವೈಪರ್ ಕೆರೆದು ಎದುರಿನ ಲೈಟಿಗೆ ಮಂಜಾಗುವ ಗಾಜು, ಈ ಮೂರಕ್ಕೆ ರಿಪೇರಿ ಇಲ್ಲ. ಮುಂದಿನ ಗಾಜು ಲ್ಯಾಮಿನೇಟೆಡ್ ಆಗಿರಬೇಕು. ಅಂದರೆ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ, ಒಡೆದರೂ ಚೂರು ಮುಖಕ್ಕೆ ಹಾರುವುದಿಲ್ಲ. ಮೂಲೆಯಲ್ಲಿ ಐಎಸ್‌ಐ ಗುರುತು ಮತ್ತು ಐಎಸ್ 2553 ಎಂಬ ನಂಬರ್ ಇದೆಯಾ ನೋಡಿ. ಬೆಳಕು ಕನಿಷ್ಠ 70% ಹಾಯಬೇಕು ಎಂಬುದು ಕಾನೂನು, ಹಾಗಾಗಿ ಗಾಢ ಬಣ್ಣದ ಗಾಜಿನ ಆಸೆ ಬಿಡಿ.

ಹಳೇ ಮಾಡೆಲ್ಲಿನ ಸಾಮಾನು ಹುಡುಕುವವರಿಗೆ ಮುಂಬೈಯಲ್ಲಿ ಕುರ್ಲಾದ ಸಿಎಸ್‌ಟಿ ರೋಡ್, ಪುಣೆಯಲ್ಲಿ ನಾನಾ ಪೇಟ್. ಸೆಕೆಂಡ್ ಹ್ಯಾಂಡ್ ಗಾಜು ಕೊಳ್ಳುವುದಾದರೆ ಬಿಸಿಲಿಗೆ ಓರೆಯಾಗಿ ಹಿಡಿದು ಗೀರು ನೋಡಿ, ಅಂಚಿನ ಸುತ್ತಲೂ ಬಟ್ಟೆ ಸವರಿ. ನೂಲು ಸಿಕ್ಕಿಕೊಂಡ ಕಡೆ ಚಕ್ಕೆ ಎದ್ದಿದೆ ಅಂತ ಅರ್ಥ, ಅಂಥದ್ದು ಬೇಡ. ರಬ್ಬರು ಮಾತ್ರ ಯಾವತ್ತೂ ಸೆಕೆಂಡ್ ಹ್ಯಾಂಡ್ ತರಬೇಡಿ.

ಅಂಟಿಸಿದ ಗಾಜಿನವರು ಗ್ಯಾರೇಜಿನಲ್ಲಿ ನಿಂತು ಇಷ್ಟು ನೋಡಿಕೊಳ್ಳಿ. ಪಿಯು ಟ್ಯೂಬಿನ ಎಕ್ಸ್‌ಪೈರಿ ಮುಗಿದಿರಬಾರದು. ಗಾಜಿಗೂ ಬರಿ ತಗಡಿಗೂ ಪ್ರೈಮರ್ ಹಚ್ಚಬೇಕು. ಈ ಅಂಟು ಗಾಳಿಯ ತೇವದಿಂದಲೇ ಗಟ್ಟಿಯಾಗುತ್ತದೆ, ಆದರೆ ಒದ್ದೆ ಮೈಗೆ ಅಂಟುವುದಿಲ್ಲ. ಹಾಗಾಗಿ ಮಳೆಯಲ್ಲಿ ರಸ್ತೆ ಬದಿ ಮಾಡಿಸಬೇಡಿ. ಎಷ್ಟು ಗಂಟೆ ಗಾಡಿ ತೆಗೆಯಬಾರದು ಅಂತ ಟ್ಯೂಬಿನ ಮೇಲೇ ಬರೆದಿರುತ್ತದೆ. ಮೊದಲ ದಿನ ಒಂದು ಕಿಟಕಿ ಸ್ವಲ್ಪ ಇಳಿಸಿಡಿ. ಎಲ್ಲ ಮುಚ್ಚಿ ಬಾಗಿಲು ಬಡಿದರೆ ಒಳಗಿನ ಗಾಳಿಯ ಒತ್ತಡಕ್ಕೆ ಹಸಿ ಅಂಟು ಬಿಟ್ಟುಕೊಳ್ಳಬಹುದು.

ಜುಲೈ ನಡುವೆ ಸೋರಿಕೆ ಶುರುವಾದರೆ? ಗಾಜು ಬಿಚ್ಚಬೇಡಿ. ಮೇಲಿನ ಅಂಚನ್ನು ಚೆನ್ನಾಗಿ ಒರೆಸಿ ಒಣಗಿಸಿ, ಚಾವಣಿಯಿಂದ ಗಾಜಿನ ತನಕ ಅಗಲ ಟೇಪ್ ಅಂಟಿಸಿ ಓಡಿಸಿ. ಚೆಂದ ಕಾಣುವುದಿಲ್ಲ, ಕೆಲಸ ನಡೆಯುತ್ತದೆ. ಅಕ್ಟೋಬರಿನಲ್ಲಿ ಸರಿಯಾಗಿ ಮಾಡಿಸಿ.

ಕಾಗದಪತ್ರ

ಸೋರಿಕೆಗೆ ಇನ್ಶೂರೆನ್ಸ್ ದುಡ್ಡು ಸಿಗುವುದಿಲ್ಲ, ಅದು ಸವಕಳಿ ಲೆಕ್ಕ. ಕಲ್ಲು ಬಿದ್ದು ಒಡೆದ ಗಾಜಿಗೆ ಫುಲ್ ಇನ್ಶೂರೆನ್ಸ್ ಇದ್ದರೆ ಸಿಗುತ್ತದೆ, ಬರೀ ಥರ್ಡ್ ಪಾರ್ಟಿ ಇದ್ದರೆ ಇಲ್ಲ. ಗಾಜಿನ ಮೇಲೆ ಸವಕಳಿ ಕಡಿತ ಇಲ್ಲ, ರಬ್ಬರಿನ ಮೇಲೆ 50% ಕಡಿತ ಇದೆ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್, ಅಂದರೆ ಮುಂದಿನ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ಹಳೇ ಪಿಕಪ್‌ನ ಗಾಜಿನ ಬೆಲೆಯನ್ನೂ ಬೋನಸ್ಸನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ಕೈಯಿಂದಲೇ ದುಡ್ಡು ಹಾಕುವುದು ಎಷ್ಟೋ ಸಲ ಲಾಭ.

ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಫಿಟ್ನೆಸ್ ತಪಾಸಣೆ ಇರುತ್ತದೆ. ಬಿರುಕು ಬಿಟ್ಟ ಗಾಜಿನಲ್ಲಿ ಹೋಗಿ ವಾಪಸ್ ಬರುವ ಬದಲು ಅದಕ್ಕೆ ಮೊದಲೇ ಹಾಕಿಸಿಕೊಳ್ಳಿ. ಇನ್ನು ಗಾಜಿನ ಮೇಲಿದ್ದ ಫಾಸ್ಟ್ಯಾಗ್ ಕಿತ್ತರೆ ಹಾಳಾಗುತ್ತದೆ, ಹೊಸ ಗಾಜಿಗೆ ಅದನ್ನೇ ಅಂಟಿಸಲು ಬರುವುದಿಲ್ಲ. ಟ್ಯಾಗ್ ಕೊಟ್ಟ ಬ್ಯಾಂಕಿಗೆ ಹೇಳಿ ಬದಲಿ ಟ್ಯಾಗ್ ತರಿಸಿಕೊಳ್ಳಿ. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್ ಪ್ಲೇಟ್) ಜೊತೆ ಕೊಟ್ಟ ಸ್ಟಿಕ್ಕರ್ ಕೂಡ ಹಾಗೆಯೇ, ತೆಗೆದರೆ ಹರಿಯುತ್ತದೆ. ಗಾಜು ಬದಲಿಸಿದ ಬಿಲ್ಲು ಮತ್ತು ಹಳೇ ಗಾಜಿನ ಮೇಲೆ ಸ್ಟಿಕ್ಕರ್ ಕಾಣುವಂತೆ ತೆಗೆದ ಒಂದು ಫೋಟೋ ಗಾಡಿಯಲ್ಲೇ ಇಟ್ಟುಕೊಂಡಿರಿ, ಹೊಸದು ಬರುವ ತನಕ ನಾಕಾದಲ್ಲಿ ಕೇಳಿದರೆ ತೋರಿಸಲು ಬೇಕಾಗುತ್ತದೆ.